ಇಬ್ಬರ ಸಹಿ

ಮದುವೆಯಾದಾಗ ನನಗೆ 31, ಇವರಿಗೆ 34. ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಇವರು ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಅತ್ತೆ ಮಾವ ಇರುವುದು ಮದ್ದೂರು ಕಡೆಯ ಹಳ್ಳಿಯಲ್ಲಿ. ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಭತ್ತ, ಕಬ್ಬು ಬೆಳೆಯುತ್ತಾರೆ. ಮೊದಲ ವರ್ಷ ಯಾರೂ ಏನೂ ಕೇಳಲಿಲ್ಲ. ಆಮೇಲೆ ಹಬ್ಬವಿರಲಿ, ನಾಮಕರಣವಿರಲಿ, ಹೋದಲ್ಲೆಲ್ಲ "ಏನವ್ವಾ, ವಿಶೇಷ ಏನಾರ ಇದ್ಯಾ?" ಎಂಬ ಪ್ರಶ್ನೆ. ನೆಂಟರ ಮನೆಯ ಸೀಮಂತದಲ್ಲಿ ಆರತಿ ಎತ್ತಲು ನನ್ನನ್ನು ಕರೆಯದೆ ಪಕ್ಕದವಳನ್ನು ಕರೆದ ದಿನ ಮನೆಗೆ ಬಂದು ತುಂಬ ಹೊತ್ತು ಅತ್ತಿದ್ದೆ.

ಅತ್ತೆ ನಮ್ಮನ್ನು ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಅಂಬೆಗಾಲು ಕೃಷ್ಣನಿಗೆ ಮಕ್ಕಳ ಹರಕೆ ಹೊತ್ತವರು ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ. ನಾವೂ ಒಪ್ಪಿಸಿದೆವು. ಹೋಗಿ ಬಂದದ್ದಕ್ಕೆ ನನಗೆ ಬೇಸರವಿಲ್ಲ. ಅತ್ತೆಗೆ ನಮಗಾಗಿ ಮಾಡಲು ಅದೊಂದಿತ್ತು, ಅದನ್ನು ಮನಸ್ಸಿಟ್ಟು ಮಾಡಿದರು. ಆದರೆ ನಾನು 35 ದಾಟಿದ್ದೆ. ಅದಕ್ಕಿಂತ ಚಿಕ್ಕ ವಯಸ್ಸಿನವರು ಒಂದು ವರ್ಷ ನೋಡಿ ವೈದ್ಯರ ಹತ್ತಿರ ಹೋಗಬಹುದು, 35 ದಾಟಿದವರು ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು ಎನ್ನುತ್ತಾರೆ. ನಮಗೆ ಆ ಗಡುವು ಯಾವಾಗಲೋ ಮುಗಿದಿತ್ತು.

ನಾವು ಗಂಡ ಹೆಂಡತಿ ಸೇರಿ ಮಾಡಿದ ಮೊದಲ ತೀರ್ಮಾನ, ಪರೀಕ್ಷೆಗೆ ಇಬ್ಬರೂ ಒಂದೇ ದಿನ ಹೋಗುವುದು. ನಮ್ಮ ಕಡೆ ಮಕ್ಕಳಾಗದಿದ್ದರೆ ಹೆಂಗಸು ವರ್ಷಗಟ್ಟಲೆ ಡಾಕ್ಟರುಗಳ ಬಾಗಿಲು ಅಲೆಯುತ್ತಾಳೆ, ಗಂಡಸಿನ ಪರೀಕ್ಷೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ವೀರ್ಯ ಪರೀಕ್ಷೆಗೆ ನೂರಾರು ರೂಪಾಯಿ, ಅರ್ಧ ದಿನ. ಹೆಂಗಸಿಗೋ ರಕ್ತ ಪರೀಕ್ಷೆ, ಒಳಗಿನ ಸ್ಕ್ಯಾನ್, ನಳಿಕೆಗಳು ತೆರೆದಿವೆಯೇ ಎಂದು ನೋಡುವ ನೋವಿನ ಎಕ್ಸ್‌ರೇ. ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನೇ ಮೊದಲು ಮಾಡಿಸುವ ಈ ಪದ್ಧತಿ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಇವರು ತಾವಾಗಿಯೇ "ನಂದೂ ಮಾಡ್ಸೋಣ, ಒಟ್ಟಿಗೆ ರಿಪೋರ್ಟ್ ಬರ್ಲಿ" ಎಂದರು.

ಎರಡೂ ಬಂದವು. ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ಅಂದಾಜು ಕೊಡುವ ಎಎಂಎಚ್ ನನ್ನ ರಕ್ತದಲ್ಲಿ 0.7 ಇತ್ತು. ವಯಸ್ಸಿಗೆ ಅದು ಕಡಿಮೆ. ಇವರ ವೀರ್ಯಾಣುಗಳ ಸಂಖ್ಯೆ ಪರವಾಗಿಲ್ಲ, ಚಲನೆ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಟ್ಟು ಚಲನೆಯ ಕೆಳಮಟ್ಟ ಶೇ. 42, ಇವರದು ಅದರ ಅರ್ಧಕ್ಕೂ ಬಂದಿರಲಿಲ್ಲ. ಮುಂದಿನ ಭಾನುವಾರ ಹಳ್ಳಿಗೆ ಹೋದಾಗ, ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ, ಇವರು ತಮ್ಮ ಅಮ್ಮನಿಗೆ ನೇರವಾಗಿ ಹೇಳಿದರು: "ಅವ್ವಾ, ಅವಳೊಬ್ಳದೇ ಅಲ್ಲ, ನನ್ನಲ್ಲೂ ತೊಂದ್ರೆ ಇದೆ. ಇನ್ಮೇಲೆ ಅವಳನ್ನ ಯಾರೂ ಏನೂ ಕೇಳ್ಬಾರ್ದು." ಮಾವ ತಲೆ ಎತ್ತಲಿಲ್ಲ. ಅತ್ತೆ ಎದ್ದು ಒಳಗೆ ಹೋದರು. ಆವತ್ತಿನಿಂದ ಆ ಮನೆಯಲ್ಲಿ ನನ್ನನ್ನು ಯಾರೂ ಪ್ರಶ್ನಿಸಿಲ್ಲ. ಮುಂದೆ ನಾವಿಬ್ಬರೂ ಭಿನ್ನಾಭಿಪ್ರಾಯಕ್ಕೆ ಬಿದ್ದಾಗಲೆಲ್ಲ ಆ ಮಧ್ಯಾಹ್ನ ನನ್ನ ಮನಸ್ಸಿನಲ್ಲಿತ್ತು.

ಮೈಸೂರಿನಲ್ಲಿ ನಾವು ತೋರಿಸಿಕೊಂಡ ವೈದ್ಯರು ಎರಡು ದಾರಿ ಹೇಳಿದರು. ಒಂದು ಐಯುಐ. ವೀರ್ಯವನ್ನು ಲ್ಯಾಬಿನಲ್ಲಿ ತೊಳೆದು, ಚುರುಕಾದವನ್ನು ಬೇರ್ಪಡಿಸಿ ಗರ್ಭಕೋಶಕ್ಕೆ ಹಾಕುತ್ತಾರೆ. ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ, ನಮ್ಮ ರಿಪೋರ್ಟಿಗೆ ಫಲದ ಭರವಸೆ ಕಡಿಮೆ. ಇನ್ನೊಂದು ಐವಿಎಫ್. ಅಂಡಾಣುಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ವೀರ್ಯಾಣುವಿನ ಜೊತೆ ಸೇರಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುತ್ತಾರೆ. ಅದರಲ್ಲೂ ನಮಗೆ ಹೇಳಿದ್ದು ಒಂದೊಂದು ಅಂಡಾಣುವಿಗೆ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ಇಕ್ಸಿ. ಔಷಧಿಯೂ ಸೇರಿ ಒಂದು ಸಲಕ್ಕೆ ಎರಡು ಲಕ್ಷದ ಹತ್ತಿರ. ಆರೋಗ್ಯ ವಿಮೆಯವರನ್ನು ಕೇಳಿದೆವು, ನಮ್ಮ ಪಾಲಿಸಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಮಾವ ಒಂದು ದಿನ ಮಂಡ್ಯಕ್ಕೆ ಬಂದು, ಕಾಫಿ ಕುಡಿದು, ಏಳುವಾಗ ಹೇಳಿದರು: "ನಾಲೆ ಕೆಳಗಿನ ಅರ್ಧ ಎಕ್ರೆ ಮಾರಿದ್ರೆ ಏನಾಯ್ತದೆ? ನಾಳೆ ಅದು ಯಾರ್ಗೆ?" ಆ ಪ್ರೀತಿಗೆ ನನ್ನ ಗಂಟಲು ಕಟ್ಟಿತು. ಆ ರಾತ್ರಿಯೇ ನಾವಿಬ್ಬರೂ ಕೂತು ಮಾತಾಡಿದೆವು. ಗದ್ದೆ ಮಾರಿದ ದುಡ್ಡಿನಲ್ಲಿ ಚಿಕಿತ್ಸೆಗೆ ಹೋದರೆ ಸೋಲುವ ಹಕ್ಕೇ ನಮಗೆ ಇರುವುದಿಲ್ಲ, ಸಾಕು ಎನ್ನಲೂ ಆಗುವುದಿಲ್ಲ ಎಂದು ಇವರು ಹೇಳಿದರು. ನನಗೂ ಹಾಗೇ ಅನಿಸಿತ್ತು. ಮನೆ ಕಟ್ಟಲು ಕೂಡಿಟ್ಟಿದ್ದ ಹಣ ಮುಗಿಯುವವರೆಗೆ ಮಾತ್ರ, ಸಾಲ ಬೇಡ, ಗದ್ದೆ ಬೇಡ.

ಅದೇ ಮಾತು ಮುಂದುವರಿದು ಇನ್ನೂ ಕೆಲವು ತೀರ್ಮಾನಗಳಾದವು. ನಾನು ಶಾಲೆಯ ಹಳೆಯ ಲೆಸನ್ ಪ್ಲಾನ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಅಂಡಾಣು ತೆಗೆಸುವುದು ಹೆಚ್ಚೆಂದರೆ ಎರಡು ಸಲ. ರಿಸಲ್ಟ್ ಬಂದ ವಾರದಲ್ಲಿ ಮುಂದಿನ ಯಾವ ನಿರ್ಧಾರವನ್ನೂ ಮಾಡಬಾರದು, ಆಸ್ಪತ್ರೆಯವರು ಪ್ಯಾಕೇಜ್ ತೋರಿಸಿದರೂ ಸರಿಯೇ. ಚಿಕಿತ್ಸೆಯ ವಿಷಯ ನನ್ನ ಅಕ್ಕನಿಗೆ ಮತ್ತು ಅತ್ತೆ ಮಾವನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗಬಾರದು, ಯಾವ ದಿನ ಏನು ಎನ್ನುವುದು ಅವರಿಗೂ ಬೇಡ. ಕೊನೆಯದು ಇವರು ಸೇರಿಸಿದ್ದು: ಇಬ್ಬರಲ್ಲಿ ಯಾರು ಬೇಡ ಎಂದರೂ ಅದು ನಿಲ್ಲಬೇಕು, ಬೇಡ ಎಂದವರು ಕಾರಣ ಕೊಡಬೇಕಿಲ್ಲ.

ಈ ಕೊನೆಯ ಮಾತು ಕಾನೂನಿನಲ್ಲೂ ಇದೆ ಎಂದು ಆಮೇಲೆ ತಿಳಿಯಿತು. 2021ರಲ್ಲಿ ಬಂದ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯ್ದೆ ಎಲ್ಲದಕ್ಕೂ ದಂಪತಿಯ ಲಿಖಿತ ಒಪ್ಪಿಗೆ ಕೇಳುತ್ತದೆ. ಭ್ರೂಣ ಗರ್ಭಕೋಶಕ್ಕೆ ಹೋಗುವ ಕ್ಷಣದವರೆಗೂ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಆಸ್ಪತ್ರೆಗಳಲ್ಲಿ ಈ ಕಾಗದಗಳನ್ನು ಒಂದರ ಮೇಲೊಂದು ಇಟ್ಟು "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. ನಾವು ಮನೆಗೆ ತಂದು ಓದಿ ಸಹಿ ಹಾಕಿದೆವು. ಹೀಗೆ ಹೋಗುವವರಿಗೆಲ್ಲ ನಾನು ಇದೊಂದನ್ನು ಕೇಳಿಕೊಳ್ಳುತ್ತೇನೆ, ಆ ಕಾಗದಗಳನ್ನು ಮನೆಗೆ ತನ್ನಿ.

ಮೊದಲ ಸುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಟ್ಟಿನ ಎರಡನೆಯ ದಿನದಿಂದ ಹೊಟ್ಟೆಗೆ ಇಂಜೆಕ್ಷನ್, ದಿನ ಬಿಟ್ಟು ದಿನ ಸ್ಕ್ಯಾನ್, ಬೆಳಗಿನ ರೈಲಿನಲ್ಲಿ ಮೈಸೂರು, ಮಧ್ಯಾಹ್ನದ ಪೀರಿಯಡ್ಡಿಗೆ ಮತ್ತೆ ಶಾಲೆ. ಇಂಜೆಕ್ಷನ್ ಇವರೇ ಕೊಡುತ್ತಿದ್ದರು. ಅಂಡಾಣು ತೆಗೆಯುವುದಕ್ಕೆ ಸುಮಾರು 36 ಗಂಟೆ ಮೊದಲು ಟ್ರಿಗರ್ ಎಂಬ ಇಂಜೆಕ್ಷನ್ ಇರುತ್ತದೆ, ಅದು ಹೇಳಿದ ಗಂಟೆಗೇ ಆಗಬೇಕು. ಇವರು ಮೊಬೈಲು, ಗೋಡೆ ಗಡಿಯಾರ ಎರಡನ್ನೂ ನೋಡಿಕೊಂಡು ಕೊಟ್ಟರು. ಸಿಕ್ಕ ಅಂಡಾಣುಗಳು ಕೆಲವೇ. ಮೂರನೆಯ ದಿನಕ್ಕೆ ಉಳಿದದ್ದು ಒಂದೇ ಭ್ರೂಣ. ಅದನ್ನು ಹಾಕಿದರು. ಎರಡು ವಾರ ಕಳೆದು ಬಸಿರು ನಿಂತಿದೆಯೇ ಎಂದು ನೋಡುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ, ನೆಗೆಟಿವ್.

ಅದೇ ವಾರ ಆಸ್ಪತ್ರೆಯಿಂದ ಒಂದು ಪಟ್ಟಿ ಬಂತು: ಗರ್ಭಕೋಶದ ಒಳಪದರದ ವಿಶೇಷ ಪರೀಕ್ಷೆ, ಭ್ರೂಣದ ವರ್ಣತಂತು ಪರೀಕ್ಷೆ, ರೋಗನಿರೋಧಕ ಶಕ್ತಿಗೆ ಡ್ರಿಪ್. ಪ್ರತಿಯೊಂದರ ಮುಂದೆ ಬೆಲೆ. ನೆಗೆಟಿವ್ ರಿಪೋರ್ಟ್ ಕೈಯಲ್ಲಿ ಹಿಡಿದ ಹೆಂಗಸಿಗೆ ಏನು ತೋರಿಸಿದರೂ ಬೇಕು ಎನ್ನುತ್ತಾಳೆ, ನನಗೂ ಎಲ್ಲವೂ ಬೇಕಿತ್ತು. ಪುಸ್ತಕದ ಹಾಳೆ ನಮ್ಮನ್ನು ತಡೆಯಿತು. ತಿಂಗಳು ಬಿಟ್ಟು ಬೆಂಗಳೂರಿನ ಬೇರೊಬ್ಬ ವೈದ್ಯೆಯ ಅಭಿಪ್ರಾಯ ಕೇಳಿದೆವು. ಅವರು ಫೈಲನ್ನು ಪೂರ್ತಿ ಓದಿ, ಯುರೋಪಿನ ಸಂತಾನ ತಜ್ಞರ ಸಂಘ 2023ರಲ್ಲಿ ಇಂಥ ಹೆಚ್ಚುವರಿಗಳನ್ನು ಪರಿಶೀಲಿಸಿ, ಅವುಗಳಲ್ಲಿ ಬಹುಪಾಲನ್ನು ಎಲ್ಲರಿಗೂ ವಾಡಿಕೆಯಂತೆ ಮಾಡಬೇಡಿ ಎಂದು ಹೇಳಿದೆ ಎಂದರು. ಬ್ರಿಟನ್ನಿನಲ್ಲಿ ಸಂತಾನ ಚಿಕಿತ್ಸೆಯ ನಿಯಂತ್ರಣ ಸಂಸ್ಥೆ ಇವಕ್ಕೆ ಬಣ್ಣದ ಗುರುತು ಕೊಟ್ಟು, ಯಾವುದಕ್ಕೆ ಆಧಾರವಿದೆ ಯಾವುದಕ್ಕಿಲ್ಲ ಎಂದು ಜನರಿಗೇ ತೋರಿಸುತ್ತದೆಯಂತೆ. ಇರುವ ಭ್ರೂಣಗಳಲ್ಲಿ ಒಳ್ಳೆಯದನ್ನು ಆರಿಸಲೆಂದು ಮಾಡುವ ವರ್ಣತಂತು ಪರೀಕ್ಷೆಯ ಬಗ್ಗೆ "ಒಂದೋ ಎರಡೋ ಭ್ರೂಣ ಬರೋರಿಗೆ ಆರಿಸೋಕೆ ಏನಿರುತ್ತೆ?" ಎಂದು ಅವರು ಕೇಳಿದ್ದು ನನಗೆ ತಕ್ಷಣ ಅರ್ಥವಾಯಿತು. ಪಟ್ಟಿಯಲ್ಲಿದ್ದ ಯಾವುದನ್ನೂ ಮಾಡಿಸಲಿಲ್ಲ. ಮುಂದಿನ ಸುತ್ತನ್ನು ಅವರ ಬಳಿಯೇ ಮಾಡಿಸಿಕೊಂಡೆವು.

ಆ ಸುತ್ತಿನಲ್ಲಿ ಐದನೆಯ ದಿನದವರೆಗೆ ಬೆಳೆದ ಭ್ರೂಣಗಳು ಎರಡು ಬಂದವು. ಎರಡನ್ನೂ ಫ್ರೀಜ್ ಮಾಡಿದರು. ಈಗ ಒಂದನ್ನು ಹಾಕಬೇಕೋ ಎರಡನ್ನೂ ಹಾಕಬೇಕೋ? ಅತ್ತೆಗೆ ಅವಳಿ ಮಕ್ಕಳಾದರೆ ಒಂದೇ ಸಲಕ್ಕೆ ಮನೆ ತುಂಬಿತು ಎಂಬ ಆಸೆ. ನನ್ನ ಅಕ್ಕನೂ "ಎರಡು ಹಾಕಿದ್ರೆ ಒಂದಾದ್ರೂ ನಿಲ್ಲುತ್ತೆ" ಎಂದಳು. ವೈದ್ಯೆ ಒಂದೇ ಸಾಕು ಎಂದರು. ಅವಳಿ ಬಸಿರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆ, ತಾಯಿಗೆ ರಕ್ತದೊತ್ತಡ, ಹುಟ್ಟಿದ ಮಕ್ಕಳಿಗೆ ಎನ್‌ಐಸಿಯು ಎಂಬ ತೀವ್ರ ನಿಗಾ ಘಟಕ, ಇವೆಲ್ಲ ಹೆಚ್ಚು. ಇವರು ಒಂದೇ ಇರಲಿ ಎಂದರು. ನನಗೆ ಎರಡೂ ಬೇಕಿತ್ತು. ಇನ್ನೊಮ್ಮೆ ಎರಡು ವಾರ ಕಾಯುವ ಶಕ್ತಿ ನನಗಿದೆಯೇ ಎಂಬ ಭಯ ಅದು. ಎರಡು ಸಂಜೆ ಈ ಬಗ್ಗೆಯೇ ಮಾತಾಯಿತು. ಕೊನೆಗೆ ಇವರು "ಎರಡೂ ಹಾಕೋದು ನಂಗೆ ಬೇಡ" ಎಂದು, ನಾವೇ ಬರೆದುಕೊಂಡ ಆ ಮಾತನ್ನು ಬಳಸಿದರು. ನಾನು ಸುಮ್ಮನಾದೆ. ಒಳಗೆ ಕೋಪವಿತ್ತು, ಅದನ್ನು ಅವರಿಗೆ ಹೇಳಿಯೂ ಬಿಟ್ಟೆ. ಒಂದನ್ನೇ ಹಾಕಿಸಿಕೊಂಡೆವು.

ಅದು ನಿಂತಿತು. ಬೀಟಾ ರಿಪೋರ್ಟ್ ಮೊಬೈಲಿಗೆ ಬಂದಾಗ ಸ್ಟಾಫ್ ರೂಮಿನಲ್ಲಿದ್ದೆ. ಕಾರಿಡಾರಿಗೆ ಬಂದು ಇವರಿಗೆ ಫೋನ್ ಮಾಡಿದೆ, ಇಬ್ಬರಿಗೂ ಮಾತೇ ಹೊರಡಲಿಲ್ಲ. ಏಳನೆಯ ವಾರದ ಸ್ಕ್ಯಾನಿನಲ್ಲಿ ಚೀಲ ಕಂಡಿತು, ಎದೆಬಡಿತ ಕಾಣಲಿಲ್ಲ. ಒಂದು ವಾರ ಬಿಟ್ಟು ಮತ್ತೆ ನೋಡಿದರು. ಆಗಲೂ ಇರಲಿಲ್ಲ.

ಮಾತ್ರೆ ತೆಗೆದುಕೊಂಡು ಮನೆಯಲ್ಲೇ ಆಗುವಂತೆ ಬಿಡಬಹುದು, ಇಲ್ಲವೇ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ತೆಗೆಯಬಹುದು ಎಂದರು ವೈದ್ಯೆ. ಇವರು ಆ ಕೊಠಡಿಯಲ್ಲಿ ನನ್ನ ಕಡೆ ತಿರುಗಿ "ಇದು ನೀನೊಬ್ಳೇ ಹೇಳು, ನಾನು ಏನೂ ಹೇಳಲ್ಲ" ಎಂದರು. ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು. ಆಸ್ಪತ್ರೆಯನ್ನೇ ಆರಿಸಿಕೊಂಡೆ. ಹಳ್ಳಿಯಲ್ಲಿ ಸುದ್ದಿ ಬೇರೆ ರೂಪ ತಾಳಿತ್ತು: ಬಸ್ಸಿನ ಕುಲುಕಾಟಕ್ಕೆ ಹೋಯಿತು, ಪಪಾಯ ತಿಂದಿರಬೇಕು. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ತಾಯಿ ಬಸ್ಸು ಹತ್ತಿದ್ದಕ್ಕೂ ಮೆಟ್ಟಿಲು ಏರಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಹತ್ತನೆಯ ತರಗತಿಗೆ ಅನುವಂಶೀಯತೆ ಪಾಠ ಮಾಡುವವಳು ನಾನು, ಇದು ನನಗೆ ಗೊತ್ತಿತ್ತು. ಆದರೂ ರಾತ್ರಿ ಎಚ್ಚರವಾದಾಗ ಆ ವಾರ ಏನೇನು ಎತ್ತಿದೆ, ಎಲ್ಲೆಲ್ಲಿ ಓಡಾಡಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಅತ್ತೆ ಬಂದು ಹದಿನೈದು ದಿನ ನಮ್ಮ ಜೊತೆಗಿದ್ದರು. ಬಾಣಂತಿಗೆ ಮಾಡುವಂತೆಯೇ ಮೆಣಸಿನ ಸಾರು ಮಾಡಿ ಬಡಿಸಿದರು, ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದರು. ಅವರ ಬಾಯಿಂದ ಒಂದು ಆಕ್ಷೇಪದ ಮಾತೂ ಬರಲಿಲ್ಲ.

ನಾವು ಬರೆದುಕೊಂಡಿದ್ದರಲ್ಲಿ ಇಲ್ಲದ ಪ್ರಶ್ನೆ ಎದುರಾದದ್ದು ಆಮೇಲೆ. ಒಂದು ಭ್ರೂಣ ಬೆಂಗಳೂರಿನಲ್ಲಿ ದ್ರವ ಸಾರಜನಕದಲ್ಲಿ ಉಳಿದಿತ್ತು. ನನಗೆ ಅದನ್ನು ಬೇಗ ಹಾಕಿಸಿಕೊಳ್ಳುವ ಆಸೆ. ಇವರಿಗೆ ಸಾಧ್ಯವೇ ಇಲ್ಲ. "ನಿನ್ನ ಮೈ ನೋಡು, ಹೆಂಗಾಗಿದೆ. ಮತ್ತೆ ಆ ಸ್ಕ್ಯಾನ್ ರೂಮಿನ ಹೊರಗೆ ನಿಲ್ಲೋಕೆ ನನ್ನಿಂದ ಆಗಲ್ಲ. ಬೇಡ." ನಿಯಮದಂತೆ ಅಲ್ಲಿಗೆ ಮುಗಿಯಬೇಕಿತ್ತು. ಕಾರಣವನ್ನೂ ಅವರು ಕೊಟ್ಟಿದ್ದರು. ಆದರೆ ಆ ಭ್ರೂಣದಲ್ಲಿ ನನ್ನ ಅಂಡಾಣು ಇದೆ, ಅದಕ್ಕಾಗಿ ಮೈ ಚುಚ್ಚಿಸಿಕೊಂಡವಳು ನಾನು, ಇನ್ನೊಬ್ಬರ "ಬೇಡ" ಅದರ ಮೇಲೆ ಹೇಗೆ ನಿಲ್ಲುತ್ತದೆ ಎಂದು ನನ್ನ ಹೊಟ್ಟೆ ಉರಿಯಿತು. ಒಂದೇ ಮನೆಯಲ್ಲಿ ಅಡುಗೆ, ಕೆಲಸ, ಊಟ ಎಲ್ಲ ನಡೆಯುತ್ತಿತ್ತು, ಈ ಒಂದು ವಿಷಯ ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಆಸ್ಪತ್ರೆಯ ಆಪ್ತಸಮಾಲೋಚಕಿಯ ಹತ್ತಿರ ಹೋದದ್ದು ಆಗಲೇ. ಆಕೆ ಇವರನ್ನು ಒಂದೇ ಮಾತು ಕೇಳಿದರು: ಈಗ ಬೇಡವೋ, ಯಾವತ್ತಿಗೂ ಬೇಡವೋ? ಇವರು ತುಂಬ ಹೊತ್ತು ಯೋಚಿಸಿ "ಈಗ" ಎಂದರು. ನನಗೆ ಉಸಿರು ಬಂದಂತಾಯಿತು. ಕಾಯ್ದೆಯ ಪ್ರಕಾರ ಭ್ರೂಣವನ್ನು ಹತ್ತು ವರ್ಷದವರೆಗೆ ಇಡಬಹುದು. ನನ್ನ ವಯಸ್ಸು ಏರುತ್ತಿದ್ದರೂ ಆ ಭ್ರೂಣ ಅಂಡಾಣು ತೆಗೆದ ದಿನದ ವಯಸ್ಸಿನಲ್ಲೇ ಇರುತ್ತದೆ. ಹಾಗಾಗಿ ಅವಸರಕ್ಕೆ ವೈದ್ಯಕೀಯ ಕಾರಣ ಇರಲಿಲ್ಲ, ಇದ್ದ ಅವಸರವೆಲ್ಲ ನನ್ನ ದುಃಖದ್ದು. ಒಂದು ವರ್ಷದ ಶೇಖರಣಾ ಶುಲ್ಕ ಕಟ್ಟಿ, ಮುಂದಿನ ಯುಗಾದಿಯವರೆಗೆ ಈ ಮಾತು ಎತ್ತಬಾರದು, ಯುಗಾದಿ ಕಳೆದ ಮೇಲೆ ಎತ್ತದೆ ಇರಬಾರದು ಎಂದು ಒಪ್ಪಿದೆವು. ಈ ಎರಡನೆಯ ಭಾಗವನ್ನು ನಾನು ಹಟ ಹಿಡಿದು ಸೇರಿಸಿದೆ.

ನಡುವೆ ದಾನಿಯ ಅಂಡಾಣುವಿನ ಮಾತೂ ಬಂದಿತ್ತು. ನನ್ನ ಎಎಂಎಚ್ ನೋಡಿದ ಯಾರಾದರೂ ಅದನ್ನು ಹೇಳುತ್ತಾರೆ, ಹೇಳಬೇಕಾದದ್ದೇ. ಕಾನೂನು ಸ್ಪಷ್ಟವಾಗಿದೆ: ದಾನಿ 23ರಿಂದ 35 ವರ್ಷದೊಳಗಿನವಳಾಗಿರಬೇಕು, ನೋಂದಾಯಿತ ಬ್ಯಾಂಕಿನ ಮೂಲಕ ಬರಬೇಕು, ಜೀವನದಲ್ಲಿ ಒಂದೇ ಸಲ ಕೊಡಬೇಕು, ಅವಳಿಂದ ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ಅವಳ ಹೆಸರಿನಲ್ಲಿ ಒಂದು ವರ್ಷದ ವಿಮೆ ಮಾಡಿಸಬೇಕು. ಹುಟ್ಟುವ ಮಗು ಎಲ್ಲ ರೀತಿಯಲ್ಲೂ ದಂಪತಿಯದೇ. ನನಗೆ ವಂಶವಾಹಿಯ ಬಗ್ಗೆ ತಕರಾರು ಇರಲಿಲ್ಲ, ಒಂಬತ್ತು ತಿಂಗಳು ನನ್ನ ಹೊಟ್ಟೆಯಲ್ಲಿ ಬೆಳೆದದ್ದು ನನ್ನದಲ್ಲದೆ ಇನ್ಯಾರದ್ದು? ನಾವು ಸಿಕ್ಕಿಕೊಂಡದ್ದು ಬೇರೆ ಕಡೆ. ಮಗುವಿಗೆ ಹೇಳುತ್ತೇವೆಯೇ? ಹೇಳಲೇಬೇಕು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಮಗುವಿಗೆ ಹೇಳಿದ ಮೇಲೆ ಅದು ಅಜ್ಜಿಗೆ ಹೇಳುತ್ತದೆ, ಅಜ್ಜಿಯಿಂದ ಊರಿಗೆ. "ಊರು ಮಗುನ ಮುಖ ಹುಡುಕೋಕೆ ಶುರು ಮಾಡುತ್ತೆ, ಅದನ್ನ ನಾನು ತಡ್ಕೊಳ್ತೀನಿ, ಅದು ತಡ್ಕೊಳ್ಳುತ್ತಾ?" ಎಂದರು ಇವರು. ಬೇರೆ ಊರಿನ, ಬೇರೆ ಮನೆಯ ದಂಪತಿಗೆ ಇದು ಅಡ್ಡಿಯೇ ಅಲ್ಲದಿರಬಹುದು, ದಾನಿಯ ಅಂಡಾಣುವಿನಿಂದ ತಾಯಿಯಾಗಿ ಸುಖವಾಗಿರುವವರನ್ನು ಆಸ್ಪತ್ರೆಯಲ್ಲೇ ನೋಡಿದ್ದೇನೆ. ನಮಗೆ ಗುಟ್ಟಿನ ಜೊತೆ ಬದುಕಲು ಬರುವುದಿಲ್ಲ, ಗುಟ್ಟಿಲ್ಲದೆ ಬದುಕಲು ನಮ್ಮ ಊರು ಸಿದ್ಧವಿಲ್ಲ. ಈ ಬಾರಿ ಬೇಡ ಎಂದವಳು ನಾನು. ಇವರು ತಕ್ಷಣ ಸರಿ ಎಂದರು, ಮತ್ತೆ ಕೇಳಲಿಲ್ಲ.

ದತ್ತು ಅಷ್ಟು ಹೊತ್ತಿಗೆ ನಮ್ಮ ಮಾತಿನಲ್ಲಿ ಬಂದು ಹೋಗುತ್ತಿತ್ತು. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಊರಿಗೆ ಊರೇ ನೋಡುವಂತೆ ಮಗು ಮನೆಗೆ ಬರುತ್ತದೆ. ಅತ್ತೆಗೆ ಹೇಳಿದಾಗ ಅವರು "ಯಾರ ಮಗುವಾದ್ರೇನು ಕಣವ್ವ, ನಿನ್ನ ಅವ್ವಾ ಅನ್ಬೇಕು ಅಷ್ಟೆ" ಎಂದದ್ದು ನಮಗೆ ದೊಡ್ಡ ಬಲ. ದತ್ತಿಗೆ ನೋಂದಣಿ ಮಾಡಿಸುವುದು ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದ ಪೋರ್ಟಲ್ಲಿನಲ್ಲಿ. ಮದುವೆಯಾಗಿ ಎರಡು ವರ್ಷವಾಗಿರಬೇಕು, ಇಬ್ಬರ ಒಪ್ಪಿಗೆ ಬೇಕು, ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಮಾಡಬೇಕು. 2022ರ ನಿಯಮಗಳಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಗಂಡ ಹೆಂಡತಿಯ ಒಟ್ಟು ವಯಸ್ಸು 85 ದಾಟಿರಬಾರದು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ನಮ್ಮದು ಈಗ 77. ಕಾಯುವುದು ವರ್ಷಗಳ ಲೆಕ್ಕ. ಆದ್ದರಿಂದ ಚಿಕಿತ್ಸೆ ಪೂರ್ತಿ ಮುಗಿದ ಮೇಲೆ ನೋಡೋಣ ಎನ್ನುವುದು ಸರಿಯಲ್ಲ ಎಂದು ಇಬ್ಬರಿಗೂ ಅನಿಸಿತು.

ಯುಗಾದಿ ಬಂತು. ಬೇವು ಬೆಲ್ಲ ತಿಂದ ಮಾರನೆಯ ದಿನ ಇವರೇ ಮಾತು ತೆಗೆದರು. ಹಾಕಿಸೋಣ, ಆದರೆ ಈ ಸಲ ಸ್ಕ್ಯಾನಿಗೆ ತಾವೂ ಒಳಗೆ ಬರುತ್ತೇವೆ, ಹೊರಗೆ ನಿಲ್ಲುವುದಿಲ್ಲ ಎಂದರು. ವೈದ್ಯೆಯನ್ನು ಕೇಳಿದೆವು, ಬನ್ನಿ ಎಂದರು. ಮುಂದಿನ ತಿಂಗಳು, ಶಾಲೆಗೆ ರಜೆ ಇರುವಾಗ, ಹೋಗುತ್ತಿದ್ದೇವೆ. ಅದು ನಿಂತರೂ ನಿಲ್ಲದಿದ್ದರೂ ಮತ್ತೆ ಅಂಡಾಣು ತೆಗೆಸುವುದಿಲ್ಲ ಎಂದು ಈಗಲೇ ಬರೆದಿದ್ದೇವೆ. ನಿಲ್ಲದಿದ್ದರೆ ಆ ವಾರ ಯಾವ ಕಾಗದವನ್ನೂ ಮುಟ್ಟುವುದಿಲ್ಲ ಎಂದೂ ಬರೆದಿದ್ದೇವೆ.

ದತ್ತು ಅರ್ಜಿಯನ್ನು ಅದಕ್ಕೂ ಮೊದಲೇ ಕಳಿಸಬೇಕು. ಪ್ಯಾನ್, ಮದುವೆಯ ಪ್ರಮಾಣಪತ್ರ, ಸಂಬಳದ ಚೀಟಿ, ವೈದ್ಯಕೀಯ ಪ್ರಮಾಣಪತ್ರ ಎಲ್ಲ ಸೇರಿವೆ. ಮಗುವಿನ ವಯಸ್ಸಿನ ಕಾಲಂ ಮಾತ್ರ ಖಾಲಿ ಇದೆ. ನನಗೆ ಎರಡು ವರ್ಷದೊಳಗಿನ ಮಗು ಬೇಕು, ಇವರಿಗೆ ಎರಡರಿಂದ ನಾಲ್ಕು. ಅಷ್ಟು ದೊಡ್ಡ ಮಗುವನ್ನು ಕೇಳುವವರು ಕಡಿಮೆ, ನಾವಾದರೂ ಕೇಳಬೇಕು ಎನ್ನುತ್ತಾರೆ. ಶನಿವಾರ ಸಂಜೆ ಇಬ್ಬರಿಗೂ ಬಿಡುವಿದೆ, ಆಗ ಕೂರುತ್ತೇವೆ.